ನಮ್ಮತ್ತೆಯ ಯೂನಿಯನ್ನು

ನನ್ನ ಅತ್ತೆ ನನ್ನನ್ನು ಸೊಸೆಯಾಗಿ ಮನೆ ತುಂಬಿಸಿಕೊಳ್ಳಲಿಲ್ಲ. ಯೂನಿಯನ್ನಿಗೆ ಸದಸ್ಯಳಾಗಿ ಸೇರಿಸಿಕೊಂಡರು! ಹೀಗೆಂದರೆ ಜನ ನಗುತ್ತಾರೆ. ನಗಲಿ. ಸೊಸೆಯಾದವಳು ಅತ್ತೆಯ ಮೇಲೆ ಚಾಡಿ ಹೇಳಬೇಕು ಎನ್ನುವುದು ಲೋಕರೂಢಿ. ನಾನು ಹೇಳಹೊರಟಿರುವುದು ಚಾಡಿಯಲ್ಲ. ಆದರೆ ಚಾಡಿಗಿಂತ ರುಚಿಯಾಗಿದೆ, ಬೇಕಾದರೆ ಕೇಳಿ ನೋಡಿ.

ಐವತ್ತರ ದಶಕದ ಮಾತು. ಬ್ಯಾಡರಹಳ್ಳಿಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದರು. ಆ ದಿನಕ್ಕಾಗಿ ನಮ್ಮಮ್ಮ ನನಗೆ ಒಂದು ದೇವರ ನಾಮ ಕಲಿಸಿದ್ದಳು. ಹಸು ಹಾಲು ಕೊಡುವುದನ್ನು ನಿಲ್ಲಿಸುವಷ್ಟು ಅಭ್ಯಾಸ ಮಾಡಿದ್ದೆ! ಚಾಪೆಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡೆ. ಎದುರಿಗೆ ಹುಡುಗನ ತಾಯಿ. ಎತ್ತರದ ಹೆಂಗಸು, ಕಾಸಗಲ ಕುಂಕುಮ, ತಲೆ ಪೂರ್ತಿ ಬಿಳಿ. ‘ಪಾಪ, ಎಷ್ಟು ವಯಸ್ಸಾಗಿದೆ’ ಅಂದುಕೊಂಡೆ. ಮದುವೆಯಾದ ಮೇಲೆ ಮೊದಲ ಭಾನುವಾರ ಅವರು ತಲೆಗೆ ನೀರು ಹಾಕಿಕೊಂಡಾಗ ಗೊತ್ತಾಯಿತು, ಒಂದೇ ಒಂದು ನರೆಗೂದಲಿರಲಿಲ್ಲ. ಅಷ್ಟೂ ಅವರು ಕೆಲಸಕ್ಕೆ ಹೋಗುವ ಮಿಲ್ಲಿನ ಹತ್ತಿ!

ಅವರು ನನ್ನನ್ನು ಹಾಡು ಎನ್ನಲಿಲ್ಲ. ಚಕ್ಕುಲಿ ಕಟ್ಟಿ ತಂದಿದ್ದ ಹಳೇ ಪೇಪರನ್ನು ಬಿಡಿಸಿ, ಎಣ್ಣೆ ಒರೆಸಿ, ನನ್ನ ಕೈಗೆ ಕೊಟ್ಟರು.

“ಹಾಡು ಆಮೇಲೆ ಕೇಳಾನ. ಇದನ್ನ ಓದವ್ವ.”

ನಾನು ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ, ಪಾಸು ಮಾಡಿದವಳು. ಹಳ್ಳಿಗೆಲ್ಲ ಅದೇ ದೊಡ್ಡ ಪದವಿ. ಓದಿದೆ. ಎಲ್ಲೋ ಕೆರೆ ಕೋಡಿ ಹರಿದ ಸುದ್ದಿ. ಮಂತ್ರಿಗಳು ಬಂದರು, ನೋಡಿದರು, ಮತ್ತು... ಅಲ್ಲಿಗೆ ಕಾಗದ ಮುಗಿದಿತ್ತು.

“ಮತ್ತು? ಮುಂದೆ?”

“ಮುಂದೆ ಹರಿದೋಗಿದೆ.”

ಅವರು ಗಂಡನ ಕಡೆ ತಿರುಗಿ ತೊಡೆ ತಟ್ಟಿದರು. “ನೋಡಿದ್ರಾ! ಹರಿದಿರೋದನ್ನ ಹರಿದಿದೆ ಅಂದ್ಲು. ತಾನಾಗಿ ಏನೂ ಸೇರಿಸ್ಲಿಲ್ಲ. ಇವಳೇ ಆಗ್ಬೇಕು!”

ನನ್ನ ದೇವರ ನಾಮ ಇವತ್ತಿಗೂ ನನ್ನ ಹೊಟ್ಟೆಯಲ್ಲೇ ಇದೆ.

ವಿಷಯ ಏನೆಂದರೆ, ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವರು ಕೆಂಬಾವುಟದ ಸಂಘದವರು. ಒಂದು ಸಣ್ಣ ನೂಲಿನ ಮಿಲ್ಲು, ಅದರ ಹೆಸರು ಈಗ ಯಾರಿಗೂ ನೆನಪಿರಲಾರದು. ಅಲ್ಲಿ ನೂಲನ್ನು ಉರುಳೆಗಳಿಗೆ ಸುತ್ತುವ ಖಾತೆಯಲ್ಲಿ ಎಲ್ಲ ಹೆಂಗಸರೇ. ಅವರಿಗೆ ಲೋಕದ ಸುದ್ದಿಯನ್ನು ತಲುಪಿಸುವುದು ತಮ್ಮ ಜವಾಬ್ದಾರಿ ಎಂದು ಅತ್ತೆ ತಾವೇ ತೀರ್ಮಾನಿಸಿಬಿಟ್ಟಿದ್ದರು. ಅದುವರೆಗೆ ಪಕ್ಕದ ಮನೆಯ ಒಬ್ಬರು ಪೇಪರು ಓದಿ ಹೇಳುತ್ತಿದ್ದರಂತೆ. ಅವರು ಬೇಸರವಾದಾಗೆಲ್ಲ ತಮ್ಮದೇ ಸುದ್ದಿ ಕಟ್ಟಿ ಹೇಳುತ್ತಿದ್ದರಂತೆ! ಒಂದು ಸಲ ಅತ್ತೆ ಇಡೀ ಖಾತೆಗೆ ‘ಇನ್ನು ಮೇಲೆ ಸೋಮವಾರವೂ ರಜ’ ಎಂದು ಸಾರಿ, ಸೋಮವಾರ ಅರ್ಧ ಖಾತೆ ಖಾಲಿಯಾಗಿ, ಆ ಗಲಾಟೆಯ ನಂತರವೇ ಓದು ಬರುವ ಸೊಸೆಯನ್ನು ಹುಡುಕಿದ್ದು.

ಹೀಗೆ ನಾನು ರಾಜಾಜಿನಗರಕ್ಕೆ ಬಂದೆ. ರಾಜಾಜಿನಗರ ಎಂದರೆ ಈಗಿನದನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಆಗ ರಸ್ತೆಗಿಂತ ರಸ್ತೆ ಬರುತ್ತದೆ ಎನ್ನುವ ಗುರುತಿನ ಕಲ್ಲುಗಳೇ ಹೆಚ್ಚು. ನಮ್ಮದು ಹೆಂಚಿನ ಮನೆಗಳ ಒಂದು ವಠಾರ, ನಡುವೆ ಒಂದು ನಲ್ಲಿ. ಸಂಜೆ ಅತ್ತೆ ಬಂದು ಕಾಲು ತೊಳೆದು ಕೂತರೆಂದರೆ ನಾನು ಪೇಪರು ಹಿಡಿಯಬೇಕು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಾರನೆಯ ದಿನ ಊಟದ ಹೊತ್ತಿಗೆ ಅಷ್ಟನ್ನೂ ಖಾತೆಯ ಹೆಂಗಸರಿಗೆ ಒಪ್ಪಿಸುತ್ತಿದ್ದರು. ಒಪ್ಪಿಸುವಾಗ ಒಂದಿಷ್ಟು ಒಗ್ಗರಣೆ ಬೀಳುತ್ತಿತ್ತು ಎಂದು ಆಮೇಲೆ ತಿಳಿಯಿತು. ಯಾವುದೋ ದೂರದೇಶದ ಮುಷ್ಕರದಲ್ಲಿ ಮಾಲೀಕನ ಹೆಂಡತಿಯೇ ಗಂಡನಿಗೆ ಊಟ ಹಾಕಲಿಲ್ಲವಂತೆ!

“ಅತ್ತೆ, ಪೇಪರಿನಲ್ಲಿ ಅದಿರಲಿಲ್ಲವಲ್ಲ?” ಎಂದು ಕೇಳಿದೆ.

“ಓದೋಳು ಸೇರಿಸ್ಬಾರ್ದು ಕಣವ್ವ. ಹೇಳೋಳು ಸೇರಿಸ್ಬೌದು.”



ಸಂಘದಿಂದ ಒಬ್ಬ ತರುಣ ಸೈಕಲ್ಲಿನಲ್ಲಿ ಬರುತ್ತಿದ್ದ. ಜುಬ್ಬ, ಕನ್ನಡಕ, ಬಾಯಿ ತೆರೆದರೆ ‘ಸಂಗಾತಿಗಳೇ’. ಅತ್ತೆಗೆ ಅವನ ಭಾಷಣ ಎಷ್ಟು ಅರ್ಥವಾಯಿತೋ ಕಾಣೆ, ಆ ಒಂದು ಪದ ಮಾತ್ರ ತುಂಬಾ ಹಿಡಿಸಿಬಿಟ್ಟಿತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವ ಹಾಗಿಲ್ಲ. ಅಷ್ಟು ವರ್ಷವೂ ಅತ್ತೆ ಮಾವನನ್ನು ‘ಏನೂಂದ್ರೆ’, ‘ಕೇಳ್ತಾ’ ಎಂದು ಗಾಳಿಗೆ ಕೂಗಿ ಸುಸ್ತಾಗಿದ್ದರು. ಒಂದು ಬೆಳಿಗ್ಗೆ ನಲ್ಲಿಯ ಮುಂದೆ ಇಡೀ ವಠಾರ ನಿಂತಿರುವಾಗ ಬಾಗಿಲಿಂದ ಕೂಗಿದರು: “ಸಂಗಾತೀ! ಮುದ್ದೆ ಆರೋಗ್ತದೆ, ಬನ್ನಿ!”

ಮಾವ ಹಣೆತುಂಬ ನಾಮ ಇಟ್ಟುಕೊಂಡು ಶನಿವಾರ ಭಜನೆಗೆ ತಾಳ ಹಾಕುವ ಸಾತ್ವಿಕ ಮನುಷ್ಯ. ಕಿವಿ ಕೆಂಪಾಗಿ ಒಳಗೆ ಓಡಿಬಂದರು. “ಸೊಸೆ ಬಂದವಳೆ ಮನೆಗೆ! ಈ ವಯಸ್ಸಲ್ಲಿ ಏನೇ ಇದು ಸರಸ?”

“ಸರಸ ಅಲ್ಲ, ಸಂಘದ ಪದ. ಜೊತೆಗಿರೋರು ಅಂತ ಅರ್ಥ. ಜೊತೆಗಿಲ್ವಾ ನೀವು?”

ಮಾವ ಮುದ್ದೆ ನುಂಗಿದರು.

ಮನೆಯ ಆಡಳಿತವೂ ಸಂಘದ ಲೆಕ್ಕದಲ್ಲೇ. ಬಂದ ತಿಂಗಳಲ್ಲೇ ಅತ್ತೆ ನನಗೆ ಎಂಟು ಗಂಟೆಯ ಕೆಲಸ ಎಂದು ಗೊತ್ತುಮಾಡಿದರು. ನಾನು ಹೊಸ ಸೊಸೆ, ಒಳ್ಳೆಯ ಹೆಸರು ತೆಗೆದುಕೊಳ್ಳುವ ಆಸೆ. ಕದ್ದು ಮುಚ್ಚಿ ಒಂದೆರಡು ಪಾತ್ರೆ ಹೆಚ್ಚಿಗೆ ತೊಳೆದರೆ “ನೀನು ಹಿಂಗೆ ಮಾಡಿದ್ರೆ ಎಲ್ಲ ಸೊಸೇರ ಕೂಲಿನೂ ಬೀಳ್ತದೆ!” ಎಂದು ಗದರುತ್ತಿದ್ದರು. ಉಳಿದ ಪಾತ್ರೆ ನನ್ನ ಯಜಮಾನರ ಪಾಲಿಗೆ. ಅವರು ಒಂದು ವರ್ಕ್‌ಷಾಪಿನಲ್ಲಿ ಲೇತ್ ಕೆಲಸದವರು, ಅಮ್ಮನ ಮುಂದೆ ಮಾತು ಕಮ್ಮಿ. ಬೂದಿ ಹಾಕಿ ಉಜ್ಜುತ್ತಿದ್ದರು.

ಒಂದು ಸಂಜೆ ನಮ್ಮಪ್ಪ ಹೇಳದೆ ಕೇಳದೆ ಬಂದರು. ಬಂದವರು ಕಂಡದ್ದೇನು? ಮಗಳು ಜಗಲಿಯ ಮೇಲೆ ಕಾಲು ಚಾಚಿಕೊಂಡು ಪೇಪರು ಓದುತ್ತಿದ್ದಾಳೆ, ಅಳಿಯ ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಮುದ್ದೆ ಪಾತ್ರೆ ಕೆರೆಯುತ್ತಿದ್ದಾನೆ! ಅಪ್ಪನ ಕೈಯಲ್ಲಿದ್ದ ಅವರೆಕಾಯಿ ಗಂಟು ಜಾರಿತು.

“ಇದೇನಕ್ಕಾ ಇದು! ಅಳಿಯಂದ್ರು ಪಾತ್ರೆ ಉಜ್ತಾವ್ರೆ?”

ಅತ್ತೆ ಅವರೆಕಾಯಿ ಆರಿಸಿಕೊಳ್ಳುತ್ತಾ, “ಹೂಂ ಬೀಗ್ರೇ, ಈಗ ಅವನ ಶಿಫ್ಟು” ಎಂದರು.

ಅಪ್ಪ ಊರಿಗೆ ಹೋಗಿ ಈ ಸುದ್ದಿಯನ್ನು ಯಾರಿಗೂ ಹೇಳಲಿಲ್ಲವಂತೆ, ನಮ್ಮಮ್ಮ ಕೇಳಿಸಿಕೊಂಡರೆ ಎನ್ನುವ ಭಯ!

ಇನ್ನೊಂದು ಪ್ರಸಂಗ ಹೇಳಿಬಿಡುತ್ತೇನೆ. ಚುನಾವಣೆಯ ಕಾಲ. ಅತ್ತೆ ನನ್ನ ಕೈಯಲ್ಲಿ ಬಾಗಿಲ ಮುಂದೆ ಕೆಂಬಾವುಟದ ಪಾರ್ಟಿಯ ಗುರುತಾದ ಕುಡುಗೋಲು, ತೆನೆಯ ರಂಗೋಲಿ ಬಿಡಿಸಿದರು. ನನಗೂ ರಂಗೋಲಿಯ ಹುಚ್ಚು. ತೆನೆಯ ಒಂದೊಂದು ಕಾಳಿಗೂ ಚುಕ್ಕಿ ಇಟ್ಟು ಬಣ್ಣ ತುಂಬಿದೆ. ಅದು ಎಷ್ಟು ಚೆನ್ನಾಗಿ ಬಂತೆಂದರೆ, ಮಾರನೆಯ ಬೆಳಿಗ್ಗೆ ವಠಾರದ ಎಲ್ಲ ಬಾಗಿಲಲ್ಲೂ ಅದೇ! ರಾಜಕೀಯಕ್ಕೂ ಅವರಿಗೂ ಸಂಬಂಧವಿಲ್ಲ, ಡಿಸೈನು ಹಿಡಿಸಿತ್ತು ಅಷ್ಟೆ. ಒಬ್ಬ ಪೊಲೀಸಪ್ಪ ಬಂದು ಒಂದೊಂದೇ ಬಾಗಿಲು ನೋಡುತ್ತಾ ಪುಸ್ತಕದಲ್ಲಿ ಬರೆದುಕೊಂಡು, ಬರೆದುಕೊಂಡು, ಕೊನೆಗೆ ಬೆವರು ಒರೆಸಿಕೊಂಡ.

“ಏನಮ್ಮಾ, ಇಡೀ ವಠಾರ ಒಂದೇ ಪಾರ್ಟಿನಾ?”

“ಸುಗ್ಗಿ ರಂಗೋಲಿ ಸಾರ್,” ಎಂದರು ಅತ್ತೆ. “ನಿಮ್ಮನೆಯೋರ್ಗೂ ಕಲಿಸ್ಕೊಡ್ಲಾ? ಕಳ್ಸಿ.”

ಅವನ ಹೆಂಡತಿ ನಿಜವಾಗಿ ಬಂದಳು. ನಾನೇ ಕಲಿಸಿಕೊಟ್ಟೆ. ಪೊಲೀಸ್ ಲೈನಿನಲ್ಲಿ ಅದೆಷ್ಟು ದಿನ ಅಳಿಸದೆ ಇತ್ತೋ ದೇವರೇ ಬಲ್ಲ.

ಇಷ್ಟರವರೆಗೆ ನಗುವ ಮಾತು. ಆ ಬೇಸಿಗೆಯಲ್ಲಿ ಮಿಲ್ಲಿನಲ್ಲಿ ನಡೆದದ್ದು ನಗುವಂಥದ್ದಲ್ಲ.

ಅತ್ತೆಯ ಖಾತೆಯಲ್ಲಿ ಹೊಸದಾಗಿ ಹಡೆದ ಒಬ್ಬಳಿದ್ದಳು. ಅವಳ ತಾಯಿ ಮಗುವನ್ನು ಎತ್ತಿಕೊಂಡು ಬಂದು ಗೇಟಿನ ಹೊರಗೆ ಮರದ ಕೆಳಗೆ ಕಾಯುತ್ತಿದ್ದಳು. ಈಕೆ ಮಧ್ಯದಲ್ಲಿ ಓಡಿಬಂದು ಹಾಲು ಕೊಟ್ಟು ಓಡಿಹೋಗುತ್ತಿದ್ದಳು. ಒಂದು ದಿನ ಮೇಸ್ತ್ರಿ ಅವಳನ್ನು ವಾಪಸು ಒಳಗೆ ಬಿಡಲಿಲ್ಲ. “ಮಗು ಬೇಕಾ, ಮಿಷನ್ ಬೇಕಾ, ಯೋಚ್ನೆ ಮಾಡ್ಕೊಂಡು ನಾಳೆ ಬಾ” ಎಂದನಂತೆ. ಅತ್ತೆ ತಮ್ಮ ಮಿಷನ್ನನ್ನು ನಿಲ್ಲಿಸಿದರು. ಪಕ್ಕದವಳು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಇಡೀ ಖಾತೆ ನಿಶ್ಶಬ್ದ. “ಆ ಸದ್ದು ನಿಂತಾಗ ನನ್ ಕಿವಿ ಗುಂಯ್ ಅಂತು ಕಣವ್ವ, ನಾನೇ ಹೆದರ್ಕೊಂಡೆ” ಎಂದು ಆಮೇಲೆ ಹೇಳಿದರು. ಕೇಳಿದ್ದು ಒಂದೇ: ತಾಯಂದಿರು ಮಗುವಿಗೆ ಹಾಲು ಕೊಡಲು ಒಂದು ಕೋಣೆ, ಅದಕ್ಕೆ ಸ್ವಲ್ಪ ಬಿಡುವು. ಕೊಡಲಿಲ್ಲ. ಉಳಿದ ಖಾತೆಗಳ ಗಂಡಸರೂ ಹೊರಗೆ ಬಂದರು. ಮಿಲ್ಲು ನಿಂತಿತು.

ಈಗ ನಿಮಗೆ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿ. ನಮ್ಮ ಮಾವ ಅದೇ ಮಿಲ್ಲಿನ ಗೇಟಿನ ಕಾವಲುಗಾರ! ಖಾಕಿ ಕೋಟು, ಹಿತ್ತಾಳೆ ಗುಂಡಿ. ಮುಷ್ಕರದ ಅಷ್ಟೂ ದಿನ ಅತ್ತೆ ಬೆಳಿಗ್ಗೆ ಎದ್ದು ಹುಣಸೆಹಣ್ಣಿನಲ್ಲಿ ಆ ಗುಂಡಿಗಳನ್ನು ಫಳಫಳ ತಿಕ್ಕುತ್ತಿದ್ದರು. ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದರು. ಗೇಟು ಬಂದೊಡನೆ ಮಾವ ಒಳಗೆ, ಅತ್ತೆ ಹೊರಗೆ. ಕಂಬಿಗಳ ಆಚೆ ಕೋಲು ಹಿಡಿದು ನಿಂತ ಗಂಡ, ಈಚೆ ಬಾವುಟ ಹಿಡಿದು ‘ಧಿಕ್ಕಾರ’ ಎಂದು ಕೂಗುವ ಹೆಂಡತಿ. ಇಂಥ ಸಂಸಾರ ಎಲ್ಲಾದರೂ ಕಂಡಿದ್ದೀರಾ? ಒಂದು ದಿನ ಮಾವ ಕಂಬಿಯ ಸಂದಿನಿಂದ ಮೆಲ್ಲಗೆ, “ಅಷ್ಟು ಜೋರಾಗಿ ನನ್ ಮುಖಕ್ಕೇ ಕೂಗ್ತೀಯಲ್ಲೇ” ಎಂದರಂತೆ. “ಧಿಕ್ಕಾರ ಮಾಲೀಕ್ರಿಗೆ. ನಿಮಗಲ್ಲ. ನೀವು ಸ್ವಲ್ಪ ಪಕ್ಕಕ್ಕೆ ನಿಂತ್ಕೊಳಿ” ಎಂದರಂತೆ ಅತ್ತೆ.

ಮುಷ್ಕರ ಎಳೆಯಿತು. ವಠಾರದಲ್ಲಿದ್ದ ಮಿಲ್ಲಿನವರ ಒಲೆಗಳು ಒಂದು ಹೊತ್ತಿಗೆ ಇಳಿದವು. ಅತ್ತೆ ಹೇಳಿದಂತೆ ನಾನು ಅಪ್ಪನಿಗೆ ಒಂದು ಕಾರ್ಡು ಬರೆದೆ. ಅಪ್ಪ ಬರುತ್ತಾರೋ ಇಲ್ಲವೋ ಎಂದು ನನಗೆ ಅನುಮಾನ, ಪಾತ್ರೆಯ ಪ್ರಸಂಗ ಮರೆತಿರುತ್ತಾರೆಯೇ? ವಾರ ಕಳೆಯುವುದರೊಳಗೆ ಮಾಗಡಿ ರಸ್ತೆಯಲ್ಲಿ ಎತ್ತಿನ ಗಾಡಿ ಕಾಣಿಸಿತು. ರಾಗಿ ಮೂಟೆಗಳು, ಹುರುಳಿ, ಕುಂಬಳಕಾಯಿ. ಊರಿನ ಐದಾರು ಮನೆಯವರು ಸೇರಿ ಹೇರಿದ್ದರು. ಅತ್ತೆ ಓಡಿಬಂದು ತಾವೇ ಒಂದು ಮೂಟೆಗೆ ಕೈ ಹಾಕಿದರು.

ಅಪ್ಪ ಮೂಟೆ ಇಳಿಸುತ್ತಾ, “ಈಗ ನಮ್ ಶಿಫ್ಟು ಕಣಕ್ಕಾ” ಎಂದರು.

ಇದಾಗಿ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ಪಕ್ಕದ ಮನೆಯವಳು ಏದುಸಿರು ಬಿಡುತ್ತಾ ಬಂದಳು. “ನಿಮ್ಮತ್ತೆ ಕರೀತಾವ್ರೆ. ಹಂಗೇ ಬರ್ಬೇಕಂತೆ.” ಆಗ ನಾನು ನಾಲ್ಕು ತಿಂಗಳ ಬಸುರಿ. ತಿಂದದ್ದು ನಿಲ್ಲುತ್ತಿರಲಿಲ್ಲ. ಸೆರಗು ಹೊದ್ದು ಹೊರಟೆ.

ಗೇಟಿನ ಮುಂದೆ ಒಂದು ಮೇಜು. ಮೇಜಿನ ಮೇಲೆ ಶಾಯಿಯ ಪೆಟ್ಟಿಗೆ, ಕಾಗದದ ಕಟ್ಟು. ಗುಮಾಸ್ತರೊಬ್ಬರು ಕೂತಿದ್ದರು. ಅದು ಬರೀ ಹಾಜರಿ ಕಾಗದ, ಹೆಬ್ಬೆಟ್ಟು ಒತ್ತಿದವರು ನಾಳೆಯಿಂದ ಕೆಲಸಕ್ಕೆ ಬರಬಹುದು ಎಂದು ಹೇಳಿದ್ದರು. ಹೆಂಗಸರು ಸಾಲಾಗಿ ನಿಂತುಬಿಟ್ಟಿದ್ದರು. ತಪ್ಪೇನು? ಮನೆಯಲ್ಲಿ ಮಕ್ಕಳಿದ್ದವು. ಆದರೆ ಅತ್ತೆಗೆ ಅನುಮಾನ. ‘ಹಾಜರಿಗೆ ಇಷ್ಟುದ್ದ ಕಾಗದ ಯಾಕೆ?’

ಕಾಗದವನ್ನು ನನ್ನ ಕೈಗೆ ಕೊಟ್ಟು, ಒಂದು ಮರದ ಪೆಟ್ಟಿಗೆಯ ಮೇಲೆ ಹತ್ತಿಸಿದರು. ಎದುರಿಗೆ ಅಷ್ಟು ಜನ, ಅದರಲ್ಲಿ ಅರ್ಧ ಗಂಡಸರು. ನಾನು ಜನ್ಮದಲ್ಲಿ ಗಂಡಸರ ಮುಂದೆ ದನಿ ಎತ್ತಿದವಳಲ್ಲ. ಓದಿದರೆ ನನಗೇ ಕೇಳಿಸಲಿಲ್ಲ.

“ಜೋರಾಗಿ ಓದವ್ವ,” ಎಂದರು ಅತ್ತೆ ಕೆಳಗಿನಿಂದ, ನನ್ನ ಪಾದ ಹಿಡಿದುಕೊಂಡು. “ಅದ್ರಲ್ಲಿ ಬರ್ದಿರೋದು ನಿನ್ ತಪ್ಪಲ್ಲ.”

ಓದಿದೆ. ಮೊದಲ ಸಾಲು ಹಾಜರಿಯದೇ. ಕೆಳಗೆ ಸಣ್ಣಕ್ಷರದಲ್ಲಿ, ನಾವು ನಮ್ಮ ಇಷ್ಟದಿಂದ ಸಂಘವನ್ನು ಬಿಟ್ಟಿದ್ದೇವೆ, ಕೋಣೆ ಬೇಕೆಂಬ ಬೇಡಿಕೆಯನ್ನು ವಾಪಸು ಪಡೆದಿದ್ದೇವೆ, ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ ಎಂದಿತ್ತು. ಎರಡನೆಯ ಸಲ ಓದುವಾಗ ನನ್ನ ದನಿ ನನ್ನದಲ್ಲವೇನೋ ಎನ್ನುವಷ್ಟು ಎತ್ತರಕ್ಕೆ ಹೋಯಿತು.

ಒಳಗಿನಿಂದ ದೊಡ್ಡ ಸಾಹೇಬರು ಬಂದರು. “ಯಾರು ಈ ಹುಡುಗಿ? ಕೆಳಗಿಳಿಸಿ ಕಳಿಸಯ್ಯಾ!” ಎಂದು ಮಾವನಿಗೆ ಆಜ್ಞೆ ಮಾಡಿದರು. ಮಾವ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈಮುಗಿದರು.

“ನಮ್ ಸೊಸೆ ಸಾರ್ ಅದು. ಸೊಸೆ ಹತ್ರ ಮಾವ ಮಾತಾಡೋ ಪದ್ಧತಿ ನಮ್ಮಲ್ಲಿಲ್ಲ.”

ಅವತ್ತು ಬೆಳಿಗ್ಗೆ ತಾನೇ ನನ್ನ ಕೈಯಲ್ಲಿ ಎರಡು ಲೋಟ ಕಾಫಿ ಕೇಳಿ ಇಸಿದುಕೊಂಡು ಕುಡಿದಿದ್ದ ಮಾವ! ಗಂಟೆಗಟ್ಟಲೆ ನನಗೆ ಭಜನೆಯ ಪದ ಹೇಳಿ ತಲೆ ತಿನ್ನುತ್ತಿದ್ದ ಮಾವ!

ಅಷ್ಟರಲ್ಲಿ ಅತ್ತೆ ತಿರುಗಿ ಕೂಗಿದರು: “ಹೆಬ್ಬೆಟ್ಟು ಬಚ್ಚಿಟ್ಕೊಳ್ರೇ! ಮುಷ್ಟಿ ಒಳಗೆ ಇಟ್ಕೊಳಿ! ಯಾರ್ಗೂ ಸಿಗ್ಬಾರ್ದು!”

ಹೆಂಗಸರೆಲ್ಲ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿದು ಮೇಲೆತ್ತಿ ತೋರಿಸಿದರು. ಸಂಘದ ತರುಣ ಆನಂದದಿಂದ ಕಣ್ಣೀರು ಹಾಕಿದ. ‘ಎಂಥ ಕ್ರಾಂತಿಕಾರಿ ವಂದನೆ!’ ಎಂದು ಆಮೇಲೆ ಎಷ್ಟೋ ಸಭೆಗಳಲ್ಲಿ ವರ್ಣಿಸಿದ. ಅದು ವಂದನೆಯಲ್ಲ ಮಾರಾಯ, ಹೆಬ್ಬೆಟ್ಟಿನ ಬಂದೋಬಸ್ತು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಹದಿನೈದು ದಿನಕ್ಕೆ ರಾಜಿಯಾಯಿತು. ಗೇಟಿನ ಪಕ್ಕ ತಗಡಿನ ಒಂದು ಕೋಣೆ ಎದ್ದಿತು. ಅದರಲ್ಲಿ ತೊಟ್ಟಿಲುಗಳು ಬಂದವು, ಬಿಡುವು ಬಂತು. ಹೆಚ್ಚುಕಮ್ಮಿ ಎಲ್ಲರನ್ನೂ ಕೆಲಸಕ್ಕೆ ತೆಗೆದುಕೊಂಡರು. ತೆಗೆದುಕೊಳ್ಳದ ಕೆಲವರಲ್ಲಿ ನಮ್ಮತ್ತೆಯೂ ಒಬ್ಬರು. ಮಾವನನ್ನು ಗೇಟಿನಿಂದ ಹಿಂದಿನ ಗೋದಾಮಿಗೆ ಹಾಕಿದರು. ಮೊದಲ ದಿನ ಮಿಲ್ಲಿನ ಸೈರನ್ನು ಕೂಗಿದಾಗ ಅತ್ತೆ ಅಭ್ಯಾಸಬಲದಿಂದ ಎದ್ದು ನಿಂತು, ಸೆರಗು ಸಿಕ್ಕಿಸಿಕೊಂಡು, ಬಾಗಿಲವರೆಗೆ ಹೋಗಿ, ತಿರುಗಿ ಬಂದು ಕೂತರು. ನಾನು ಪೇಪರು ತೆಗೆದೆ. “ಬೇಡ ಬಿಡವ್ವ,” ಎಂದರು. “ಯಾರ್ಗೋಗಿ ಹೇಳ್ಲಿ?”

ನನಗೆ ಮಗಳು ಹುಟ್ಟಿದಳು. ಮಗುವಿಗೆ ಐದು ತಿಂಗಳಾಗಿದ್ದಾಗ, ರಾಜಾಜಿನಗರದಲ್ಲಿ ಹೊಸದಾಗಿ ತೆರೆದ ಒಂದು ಪ್ರೈಮರಿ ಶಾಲೆಗೆ ಎಲ್.ಎಸ್. ಆದ ಹೆಂಗಸರು ಬೇಕಂತೆ ಎಂದು ಅತ್ತೆಯೇ ಎಲ್ಲಿಂದಲೋ ಸುದ್ದಿ ತಂದರು. ನಾನು ಆಗುವುದಿಲ್ಲ ಎಂದೆ. ಇಷ್ಟು ಚಿಕ್ಕ ಮಗು, ಎಲ್ಲಿ ಬಿಟ್ಟುಹೋಗಲಿ?

“ಪೆಟ್ಟಿಗೆ ಮೇಲೆ ನಿಂತು ಅಷ್ಟು ಜನಕ್ಕೆ ಓದ್ದೋಳು, ನಾಲ್ಕು ಚಿಳ್ಳೆಗಳಿಗೆ ಓದಕ್ಕಾಗಲ್ವಾ? ಕೂಸು ನನಗಿರ್ಲಿ. ಹೋಗು.”

ಹೋದೆ. ಆ ‘ಹೋಗು’ ನನ್ನನ್ನು ನಿವೃತ್ತಿಯವರೆಗೆ ನಡೆಸಿತು. ಈಗ ಕಣ್ಣು ಮಂಜಾಗಿದೆ, ಆದರೂ ದಿನಾ ಪೇಪರು ತೆರೆಯುವಾಗ ಕೈಮುಗಿಯಬೇಕು ಎನ್ನಿಸುತ್ತದೆ. ಯಾರಿಗೆ ಅಂತ ಬೇರೆ ಹೇಳಬೇಕೆ?

ಶಾಲೆಗೆ ಸೇರಿದ ಮೊದಲ ದಿನ. ಹಾಲು ತುಂಬಿ ಎದೆ ಕಟ್ಟಿಕೊಂಡು ನೋವು, ಮಗ್ಗಿ ಹೇಳಿಕೊಡುತ್ತಿದ್ದರೂ ಗಮನವೆಲ್ಲ ಮನೆಯ ಕಡೆ. ಮಧ್ಯಾಹ್ನದ ಬಿಡುವಿಗೆ ಹೊರಗೆ ಬಂದು ನೋಡಿದರೆ, ಸುಡುವ ಬಿಸಿಲಿನಲ್ಲಿ ಅತ್ತೆ ಬರುತ್ತಿದ್ದರು, ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬರಿಗಾಲಿನಲ್ಲಿ. ಹೊಂಗೆ ಮರದ ಕೆಳಗೆ ನನ್ನನ್ನು ಕೂರಿಸಿ, ಮಗುವನ್ನು ಮಡಿಲಿಗೆ ಹಾಕಿ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಪರದೆಯ ಹಾಗೆ ನಿಂತರು. ನಾನು ಬೇಗ ಬೇಗ ಕುಡಿಸುತ್ತಿದ್ದೆ.

“ನಿಧಾನ,” ಎಂದರು ಅವರು, ರಸ್ತೆಯ ಕಡೆ ನೋಡುತ್ತಾ. “ನಿನ್ ಗಂಡನಿಗಿಂತ ಮುಂಚೆ ನನಗೊಂದು ಹೆಣ್ಣಿತ್ತು ಕಣವ್ವ.”

ನಾನು ತಲೆ ಎತ್ತಿದೆ. ಆ ಮನೆಯಲ್ಲಿ ಯಾರೂ, ಎಂದೂ, ಆ ಮಾತು ಆಡಿರಲಿಲ್ಲ.

“ಮಿಷನ್ ಮುಂದೆ ನಿಂತಿದ್ರೆ ಎದೆ ಸೋರೋದು. ರವಿಕೆ ನೆನ್ದು ಹತ್ತಿ ಅಂಟ್ಕೊಳ್ಳೋದು. ಅದು ಮನೇಲಿ ಗಂಜಿನೀರು ಕುಡ್ಕೊಂಡು ಇರೋದು, ಪಾಪ. ಒಂಬತ್ತು ತಿಂಗ್ಳು ಇತ್ತು.”

ಅಷ್ಟೇ ಹೇಳಿದ್ದು. ಅದರ ಹೆಸರೇನೆಂದು ನಾನು ಕೇಳಲಿಲ್ಲ, ಕೇಳುವ ಧೈರ್ಯ ಬರಲಿಲ್ಲ.

ಶಾಲೆಯ ಗಂಟೆ ಹೊಡೆಯಿತು. ನಾನು ಗಾಬರಿಯಿಂದ ಎದ್ದೆ. ಅತ್ತೆ ಭುಜ ಒತ್ತಿ ಕೂರಿಸಿದರು. ಹೆಡ್‌ಮೇಡಮ್ಮು ವರಾಂಡಕ್ಕೆ ಬಂದು ನಮ್ಮ ಕಡೆ ನೋಡಿದರು. ಏನೋ ಅನ್ನುತ್ತಾರೆ ಎಂದುಕೊಂಡೆ. ಅವರು ಒಂದು ಕ್ಷಣ ನಿಂತು, ನನ್ನ ತರಗತಿಯೊಳಕ್ಕೆ ಹೋದರು. ಮಕ್ಕಳು ಅವರ ಜೊತೆ ಮಗ್ಗಿ ಹೇಳುವುದು ಕೇಳಿಸಿತು.

ಅತ್ತೆ ಬಿಸಿಲಿಗೆ ಬೆನ್ನು ಕೊಟ್ಟು, ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದರು. ಮಗು ನಿಧಾನವಾಗಿ ಕುಡಿಯಿತು.